ಮಗುಚಿದ ದೋಣಿ ಮತ್ತೆ ಏಳುವುದೇ?

1979ರ ಆಗಸ್ಟ್ ತಿಂಗಳಲ್ಲಿ ಇಂಗ್ಲೆಂಡಿನ ದಕ್ಷಿಣ ತೀರದ ಕೌಸ್ ಎಂಬಲ್ಲಿಂದ 303 ಹಾಯಿದೋಣಿಗಳು ಪಂದ್ಯಕ್ಕೆ ಹೊರಟವು. ಐರ್ಲೆಂಡಿನ ಬಳಿಯ ಫಾಸ್ಟ್‌ನೆಟ್ ಬಂಡೆಯನ್ನು ಸುತ್ತಿ ಪ್ಲಿಮತ್ ಬಂದರನ್ನು ಸೇರಬೇಕಾಗಿತ್ತು. 13ರ ರಾತ್ರಿ ಭೀಕರ ಬಿರುಗಾಳಿ ಎದ್ದಿತು. ಪಂದ್ಯಾಳುಗಳಲ್ಲಿ 15 ಮಂದಿ ಮಡಿದರು. ಗುರಿ ಮುಟ್ಟಿದ ದೋಣಿಗಳು 85 ಮಾತ್ರ. ಪ್ರಾಣಭಯದಿಂದ ಜನ ತೊರೆದ ದೋಣಿಗಳು 24. ಅವುಗಳಲ್ಲಿ ಮುಳುಗಿದವು ಐದೇ! ತೆಪ್ಪಕ್ಕಿಳಿದ ಕೆಲವರು ಸಾವಿಗೀಡಾದರು. ಅವರು ಬಿಟ್ಟುಬಂದ ದೋಣಿಗಳು ತೇಲುತ್ತಲೇ ಇದ್ದವು.

ಹಾಗಾದರೆ ನಂಬಲರ್ಹವಾದ ದೋಣಿ ಯಾವುದು? ಅಗಲವಾದುದೇ ಭದ್ರವೆಂದು ನಮಗೆ ತೋರುತ್ತದೆ. ಸಣ್ಣ ಅಲೆಗಳಲ್ಲಿ ಅದು ನಿಜವೂ ಹೌದು. ಆದರೆ ಕೆರೆಯ ನೀರಿಗೆ ಒಂದು ಹಲಗೆಯನ್ನು ಬಿಟ್ಟು ನೋಡಿರಿ. ಅದು ಸುಲಭವಾಗಿ ಮಗುಚದು. ಮಗುಚಿದರೆ ಹಾಗೆಯೇ ಉಳಿದುಬಿಡುತ್ತದೆ. ಅತಿ ಅಗಲದ, ಹಗುರವಾದ ದೋಣಿಯ ಸ್ವಭಾವವೂ ಇದೇ. ಆ ರಾತ್ರಿ ಕೆಲವು ದೋಣಿಗಳು ನಿಮಿಷಗಟ್ಟಲೆ ತಲೆಕೆಳಗಾಗಿಯೇ ಇದ್ದವು.

ಈ ದುರಂತದ ಬಳಿಕ ಅಮೆರಿಕದಲ್ಲಿ ಒಂದು ಸೂತ್ರ ರೂಪುಗೊಂಡಿತು. ದೋಣಿಯ ತೂಕವನ್ನು ಪೌಂಡುಗಳಲ್ಲಿ ತೆಗೆದುಕೊಂಡು 64ರಿಂದ ಭಾಗಿಸಿ, ಘನಮೂಲ ಕಂಡುಹಿಡಿಯಬೇಕು. ಅಡಿಗಳಲ್ಲಿ ಅಳೆದ ಅಗಲವನ್ನು ಆ ಸಂಖ್ಯೆಯಿಂದ ಭಾಗಿಸಬೇಕು. ಉತ್ತರ 2ನ್ನು ಮೀರಿದರೆ ಅಂತಹ ದೋಣಿ ದೂರಸಮುದ್ರಕ್ಕೆ ತಕ್ಕುದಲ್ಲ. 8,000 ಪೌಂಡು ತೂಕದ, 10 ಅಡಿ ಅಗಲದ ದೋಣಿಯನ್ನು ನೋಡೋಣ: 8,000ವನ್ನು 64ರಿಂದ ಭಾಗಿಸಿದರೆ 125, ಅದರ ಘನಮೂಲ 5, ಉತ್ತರ ಸರಿಯಾಗಿ 2. ಅಂಚಿನಲ್ಲಿ ನಿಂತ ದೋಣಿ! ಮನೆಯ ಮಕ್ಕಳಿಂದ ಈ ಲೆಕ್ಕವನ್ನು ಮಾಡಿಸಬಹುದು.

ಆದರೆ ಸೂತ್ರದಲ್ಲೊಂದು ದೊಡ್ಡ ಕೊರತೆಯಿದೆ. ದೋಣಿಯ ಅಡಿಯಲ್ಲಿರಬೇಕಾದ ಸೀಸವನ್ನೆಲ್ಲ ಹಾಯಿಕಂಬದ ತುದಿಗೆ ಕಟ್ಟಿದರೂ ಉತ್ತರ ಬದಲಾಗುವುದಿಲ್ಲ! ಭಾರ ಎಷ್ಟು ಎಂಬುದನ್ನಷ್ಟೇ ಅದು ಬಲ್ಲುದು, ಎಲ್ಲಿದೆ ಎಂಬುದನ್ನಲ್ಲ. ಆದುದರಿಂದ ಬಲ್ಲವರು ಬೇರೊಂದು ಪ್ರಶ್ನೆಯನ್ನು ಕೇಳುತ್ತಾರೆ: ಎಷ್ಟು ಡಿಗ್ರಿ ವಾಲಿದ ಮೇಲೂ ದೋಣಿ ತಾನಾಗಿ ಎದ್ದೀತು? ದೂರಸಮುದ್ರಕ್ಕೆ ಸುಮಾರು 120 ಡಿಗ್ರಿಯಾದರೂ ಬೇಕೆಂಬುದು ರೂಢಿಯ ಮಾತು. ಅಂದರೆ ಕಂಬ ನೀರಿನೊಳಗೆ ಇಳಿದ ಮೇಲೂ ಏಳಬೇಕು.

ಎದ್ದ ದೋಣಿಯಲ್ಲಿದ್ದವನು ಕ್ಷೇಮವೆಂದೇನೂ ಅಲ್ಲ. 2018ರಲ್ಲಿ ಕೇರಳದ ನೌಕಾಧಿಕಾರಿ ಅಭಿಲಾಷ್ ಟೋಮಿ ಗೋವೆಯಲ್ಲಿ ಕಟ್ಟಿದ ‘ತುರೀಯಾ’ದಲ್ಲಿ ಏಕಾಂಗಿಯಾಗಿ ವಿಶ್ವಪರ್ಯಟನೆಯ ಪಂದ್ಯಕ್ಕೆ ಹೊರಟಿದ್ದರು. ಹಿಂದೂ ಮಹಾಸಾಗರದ ದಕ್ಷಿಣಭಾಗದಲ್ಲಿ ಬಿರುಗಾಳಿಗೆ ದೋಣಿ ಉರುಳಿತು, ಕಂಬ ಮುರಿಯಿತು, ಅವರ ಬೆನ್ನಿಗೆ ತೀವ್ರ ಪೆಟ್ಟಾಯಿತು. ತೇಲುತ್ತಿದ್ದ ದೋಣಿಯಲ್ಲೇ ಮಲಗಿದ್ದ ಅವರನ್ನು ಮೂರನೆಯ ದಿನ ಫ್ರೆಂಚ್ ಹಡಗೊಂದು ಎತ್ತಿಕೊಂಡಿತು. ಮುಂದಿನ ಸಲ ಅವರು ಬೇರೊಂದು ದೋಣಿಯಲ್ಲಿ ಅದೇ ಪಂದ್ಯಕ್ಕೆ ಇಳಿದು, 2023ರಲ್ಲಿ ಎರಡನೆಯವರಾಗಿ ದಡ ಸೇರಿದರು.