ಸೋಲಿನ ಸಾಲು ಮತ್ತು ಟೀಕೆಯ ಭಾರ

ಒಂದು ಸೋಲಿನ ಕುರಿತ ಟೀಕೆ ಸಾಮಾನ್ಯವಾಗಿ ಮುಂದಿನ ಪಂದ್ಯದ ಹೊತ್ತಿಗೆ ತಣ್ಣಗಾಗುತ್ತದೆ. ಆದರೆ ಸೋಲುಗಳು ಒಂದರ ಬೆನ್ನಿಗೊಂದು ಬಂದಾಗ ಚರ್ಚೆಯು ಆಟವನ್ನು ಬಿಟ್ಟು ಆಟಗಾರನ ಮನೋಧರ್ಮ, ನಿಷ್ಠೆ ಮತ್ತು ಸಂಭಾವನೆಗಳ ಕಡೆಗೆ ಹೊರಳುತ್ತದೆ. 2024ರ ಐಪಿಎಲ್‌ನಲ್ಲಿ ರಾಯಲ್ ಚಾಲೆಂಜರ್ಸ್ ಬೆಂಗಳೂರು ತಂಡ ಮೊದಲ 8 ಪಂದ್ಯಗಳಲ್ಲಿ 7ನ್ನು, ಅವುಗಳಲ್ಲಿ 6ನ್ನು ಸತತವಾಗಿ, ಸೋತು ಅಂಕಪಟ್ಟಿಯ ತಳ ಸೇರಿದಾಗ ಆದದ್ದೂ ಇದೇ. ವೃತ್ತಿಪರ ಆಟಗಾರರು ಇಂಥ ದಿನಗಳನ್ನು ಹೇಗೆ ದಾಟುತ್ತಾರೆ ಎಂಬುದನ್ನು ಅರಿಯಲು ಆ ಋತು ಉತ್ತಮ ನಿದರ್ಶನವಾಗಿದೆ.

ಟೀಕೆಯ ಕೇಂದ್ರದಲ್ಲಿದ್ದದ್ದು ವಿರಾಟ್ ಕೊಹ್ಲಿ ಅವರ ಸ್ಟ್ರೈಕ್ ರೇಟ್, ಅಂದರೆ ಪ್ರತಿ 100 ಎಸೆತಗಳಿಗೆ ಬ್ಯಾಟರ್ ಗಳಿಸುವ ರನ್‌ಗಳ ಪ್ರಮಾಣ. ಏಪ್ರಿಲ್ 6ರಂದು ಜೈಪುರದಲ್ಲಿ ಅವರು 72 ಎಸೆತಗಳಲ್ಲಿ ಔಟಾಗದೆ 113 ರನ್ ಗಳಿಸಿದರೂ ತಂಡ ಸೋತಿತು. ಶತಕಕ್ಕೆ ಅವರು ತೆಗೆದುಕೊಂಡ 67 ಎಸೆತಗಳು, 2009ರಲ್ಲಿ ಕರ್ನಾಟಕದ ಮನೀಶ್ ಪಾಂಡೆ ತೆಗೆದುಕೊಂಡಷ್ಟೇ ಆಗಿ, ಐಪಿಎಲ್‌ನ ಅತಿ ನಿಧಾನದ ಶತಕವೆಂಬ ದಾಖಲೆಯನ್ನು ಸರಿಗಟ್ಟಿದವು. ಸ್ಪಿನ್ನರ್‌ಗಳ ಎದುರು ಅವರ ವೇಗ ಕುಗ್ಗುತ್ತದೆ ಎಂಬ ಆಕ್ಷೇಪ ದಿನದಿನಕ್ಕೂ ಬಲವಾಯಿತು. ಏಪ್ರಿಲ್ 28ರಂದು ಅಹಮದಾಬಾದಿನಲ್ಲಿ 44 ಎಸೆತಗಳಲ್ಲಿ 70 ರನ್ ಗಳಿಸಿ ಗೆಲುವಿಗೆ ನೆರವಾದ ಮೇಲೆ ಕೊಹ್ಲಿ, ಕಣದಲ್ಲಿಲ್ಲದವರು ಕಾಮೆಂಟರಿ ಕೊಠಡಿಯಲ್ಲಿ ಕುಳಿತು ಹೀಗೆ ಮಾತಾಡುವುದನ್ನು ಬಹಿರಂಗವಾಗಿಯೇ ಪ್ರಶ್ನಿಸಿದರು. ಹೊರಗಿನ ಮಾತಿಗೆ ಕಿವಿಗೊಡುವುದಿಲ್ಲ ಎನ್ನುವವರು ಅದಕ್ಕೆ ಉತ್ತರ ಕೊಡುವುದೇಕೆ ಎಂದು ಸುನಿಲ್ ಗಾವಸ್ಕರ್ ಮರುಪ್ರಶ್ನೆ ಹಾಕಿದರು.

ಗಾವಸ್ಕರ್ ಅವರ ಪ್ರಶ್ನೆ ನ್ಯಾಯವಾದದ್ದು, ಆದರೆ ಅದಕ್ಕೆ ನಿಜವಾದ ಉತ್ತರ ದೊರೆತದ್ದು ಮಾತಿನಲ್ಲಲ್ಲ. ಮೇ 9ರಂದು ಧರ್ಮಶಾಲೆಯಲ್ಲಿ 47 ಎಸೆತಗಳಲ್ಲಿ 92 ರನ್ ಬಾರಿಸಿದ ಕೊಹ್ಲಿ, ಸ್ಪಿನ್ನರ್‌ಗಳ ಎದುರು ಸ್ಲಾಗ್ ಸ್ವೀಪ್ ಅನ್ನು, ಅಂದರೆ ಮಂಡಿಯೂರಿ ಚೆಂಡನ್ನು ಲೆಗ್ ಬದಿಗೆ ಎತ್ತಿ ಹೊಡೆಯುವ ಹೊಡೆತವನ್ನು, ಮತ್ತೆ ಬಳಕೆಗೆ ತಂದದ್ದಾಗಿ ತಾವೇ ಹೇಳಿಕೊಂಡರು. ಬಾಯಿ ನಿರಾಕರಿಸಿದ ಕೊರತೆಯನ್ನೇ ಬ್ಯಾಟು ಸರಿಪಡಿಸುತ್ತಿತ್ತು ಎಂದು ತೋರುತ್ತದೆ. ಟೀಕೆಯ ಧಾಟಿಯನ್ನು ತಿರಸ್ಕರಿಸುತ್ತಲೇ ಅದರೊಳಗಿನ ತಾಂತ್ರಿಕ ಅಂಶವನ್ನು ಪರಿಶೀಲಿಸುವ ಈ ಶಕ್ತಿಯೇ ಅನುಭವಿ ಆಟಗಾರರ ಮುಖ್ಯ ರಕ್ಷಣೆ. ಆ ಋತುವನ್ನು ಅವರು 741 ರನ್‌ಗಳೊಡನೆ ಮುಗಿಸಿದರು, ತಂಡವೂ ಸತತ 6 ಪಂದ್ಯಗಳನ್ನು ಗೆದ್ದು ಪ್ಲೇಆಫ್ ತಲುಪಿತು.

ಅದೇ ತಂಡದ ಗ್ಲೆನ್ ಮ್ಯಾಕ್ಸ್‌ವೆಲ್ ಹಿಡಿದ ದಾರಿ ಬೇರೆ. 6 ಇನಿಂಗ್ಸ್‌ಗಳಲ್ಲಿ 32 ರನ್ ಮಾತ್ರ ಗಳಿಸಿದ್ದ ಅವರು ತಮ್ಮ ಜಾಗದಲ್ಲಿ ಬೇರೊಬ್ಬರನ್ನು ಆಡಿಸುವಂತೆ ನಾಯಕ ಫಾಫ್ ಡುಪ್ಲೆಸಿ ಅವರನ್ನು ಕೇಳಿಕೊಂಡು, ದೇಹಕ್ಕೂ ಮನಸ್ಸಿಗೂ ವಿಶ್ರಾಂತಿ ಪಡೆದರು. ಇದನ್ನು ಪಲಾಯನವೆಂದು ಕರೆಯುವುದು ಅನ್ಯಾಯ. ಕೈಕೊಟ್ಟ ಲಯವನ್ನು ಸಾರ್ವಜನಿಕರ ಕಣ್ಣೆದುರೇ ಹುಡುಕುತ್ತಾ ತಂಡದ ಒಂದು ಸ್ಥಾನವನ್ನು ಹಿಡಿದು ಕೂರುವುದಕ್ಕಿಂತ ಅದನ್ನು ಬಿಟ್ಟುಕೊಡಲು ಹೆಚ್ಚಿನ ಧೈರ್ಯ ಬೇಕು. ಆದರೆ ಎಲ್ಲರಿಗೂ ಹೀಗೆ ಸರಿದು ನಿಲ್ಲುವ ಅವಕಾಶ ಸುಲಭವಾಗಿ ಸಿಗುವುದಿಲ್ಲ: 2021ರ ಫ್ರೆಂಚ್ ಓಪನ್‌ನಲ್ಲಿ ಕಡ್ಡಾಯ ಪತ್ರಿಕಾಗೋಷ್ಠಿಗೆ ಹಾಜರಾಗದ ಟೆನಿಸ್ ಆಟಗಾರ್ತಿ ನವೊಮಿ ಒಸಾಕಾ ಅವರಿಗೆ 15,000 ಡಾಲರ್ ದಂಡ ಬಿತ್ತು, ಬಳಿಕ ಅವರು ಟೂರ್ನಿಯಿಂದಲೇ ಹಿಂದೆ ಸರಿದರು.

ಟೀಕೆ ಮನೆಯಂಗಳದಿಂದಲೇ ಬಂದಾಗ ಅದರ ಪೆಟ್ಟು ಇನ್ನೂ ಆಳ. 2023ರ ಫೆಬ್ರುವರಿಯಲ್ಲಿ ಕೆ.ಎಲ್. ರಾಹುಲ್ ಅವರ ಟೆಸ್ಟ್ ವೈಫಲ್ಯವನ್ನು ಅತ್ಯಂತ ಕಟುವಾಗಿ ಪ್ರಶ್ನಿಸಿದವರು ಕರ್ನಾಟಕದವರೇ ಆದ ಮಾಜಿ ವೇಗಿ ವೆಂಕಟೇಶ್ ಪ್ರಸಾದ್. ಮಾರ್ಚ್‌ನಲ್ಲಿ ವಾಂಖೆಡೆಯಲ್ಲಿ ರಾಹುಲ್ ಅಜೇಯ 75 ರನ್ ಗಳಿಸಿ ಭಾರತವನ್ನು ಗೆಲ್ಲಿಸಿದಾಗ ಮೆಚ್ಚಿಕೊಂಡವರಲ್ಲಿ ಪ್ರಸಾದ್ ಕೂಡ ಇದ್ದರು. ಡಿಸೆಂಬರ್‌ನಲ್ಲಿ ಸೆಂಚೂರಿಯನ್‌ನಲ್ಲಿ 101 ರನ್ ಗಳಿಸಿದ ಮೇಲೆ ರಾಹುಲ್, ಇಂದು ಹೊಗಳುವವರೇ ಕೆಲವು ತಿಂಗಳ ಹಿಂದೆ ನಿಂದಿಸುತ್ತಿದ್ದರೆಂದು ನೆನೆದು, ಸಾಮಾಜಿಕ ಮಾಧ್ಯಮದ ಮಾತುಗಳು ತಮ್ಮನ್ನು ತಟ್ಟುವುದಿಲ್ಲ ಎನ್ನುವುದು ಸುಳ್ಳಾಗುತ್ತದೆ, ಅವುಗಳಿಂದ ದೂರವಿದ್ದಷ್ಟೂ ಆಟಕ್ಕೆ ಒಳ್ಳೆಯದು ಎಂಬ ಅರ್ಥದ ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಿದರು.