ಜನಮತ ಸಮೀಕ್ಷೆ: ನಂಬುವುದೆಷ್ಟು, ಬಿಡುವುದೆಷ್ಟು?



ಚುನಾವಣೆ ಹತ್ತಿರವಾದೊಡನೆ ಪತ್ರಿಕೆಗಳಲ್ಲಿಯೂ ಟಿ.ವಿ.ಯಲ್ಲಿಯೂ ಜನಮತ ಸಮೀಕ್ಷೆಗಳ ಸುರಿಮಳೆಯಾಗುತ್ತದೆ. ಯಾವ ಪಕ್ಷಕ್ಕೆ ಎಷ್ಟು ಸ್ಥಾನ ಎಂಬ ಲೆಕ್ಕ ಮತದಾನಕ್ಕೆ ಮೊದಲೇ ಮುಗಿದಂತೆ ತೋರುತ್ತದೆ. "ಎಲ್ಲಾ ತೀರ್ಮಾನ ಆಗಿಹೋಗಿದೆಯಂತಲ್ಲ, ಇನ್ನು ಕೊಯ್ಲಿನ ಕೆಲಸ ಬಿಟ್ಟು ಓಟಿಗೆ ಹೋಗುವುದೇಕೆ?" ಎನ್ನುವ ಸದಸ್ಯರೂ ಇದ್ದಾರೆ. ಸಂಘಕ್ಕೆ ಪಕ್ಷವಿಲ್ಲ, ಆದರೆ ಈ ಪ್ರಶ್ನೆಗೆ ಉತ್ತರ ಹೇಳುವುದು ಉಚಿತವೆಂದು ಭಾವಿಸಿದ್ದೇವೆ.

ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಸಾಕು. ಸಮೀಕ್ಷೆಯ ಮೂಲ ತತ್ತ್ವವೂ ಇದೇ. ಕಾಫಿ ಕೊಳ್ಳುವವರು ಸ್ಯಾಂಪಲ್ ತೆಗೆದು ಔಟ್‌ಟರ್ನ್ ನೋಡುತ್ತಾರೆಯೇ ಹೊರತು ಎಲ್ಲ ಚೀಲಗಳನ್ನೂ ಸುರಿದು ನೋಡುವುದಿಲ್ಲ. ಆದರೆ ಮತದಾರರು ಒಂದೇ ಹದದಲ್ಲಿ ಬೆಂದ ಅನ್ನವಲ್ಲ. ರಾಶಿ ಇಡಿ, ಬೆಟ್ಟೆ, ಗೊರಬಲು ಎಲ್ಲ ಬೇರೆ ಬೇರೆ ಚೀಲಗಳಲ್ಲಿರುವಾಗ ಮುಂದಿನ ಒಂದು ಚೀಲಕ್ಕೆ ಮಾತ್ರ ಕೈಹಾಕಿ ಇಡೀ ಲಾಟಿಗೆ ಬೆಲೆ ಕಟ್ಟಿದರೆ ನಾವು ಒಪ್ಪುತ್ತೇವೆಯೇ? ಎಷ್ಟು ಜನರನ್ನು ಕೇಳಿದರು ಎಂಬುದಕ್ಕಿಂತ ಯಾರನ್ನು ಕೇಳಿದರು ಎಂಬುದೇ ಮುಖ್ಯ.

ಇದಕ್ಕೆ ಅಮೆರಿಕದ 1936ರ ಅಧ್ಯಕ್ಷ ಚುನಾವಣೆ ಒಳ್ಳೆಯ ನಿದರ್ಶನ. 'ಲಿಟರರಿ ಡೈಜೆಸ್ಟ್' ಎಂಬ ಪತ್ರಿಕೆ ಸುಮಾರು 1 ಕೋಟಿ ಜನರಿಗೆ ಚೀಟಿ ಕಳುಹಿಸಿತು. 20 ಲಕ್ಷಕ್ಕೂ ಹೆಚ್ಚು ಉತ್ತರಗಳು ಬಂದವು. ಲ್ಯಾಂಡನ್ ಗೆಲ್ಲುತ್ತಾರೆಂದು ಪತ್ರಿಕೆ ಸಾರಿತು. ಗೆದ್ದವರು ರೂಸ್‌ವೆಲ್ಟ್, ಅದೂ 48 ರಾಜ್ಯಗಳಲ್ಲಿ 46ನ್ನು ಗಳಿಸಿ. ಪತ್ರಿಕೆಯ ವಿಳಾಸಗಳು ಬಹುಪಾಲು ದೂರವಾಣಿ ಮತ್ತು ಮೋಟಾರು ಕಾರು ಉಳ್ಳವರ ಪಟ್ಟಿಗಳಿಂದ ಬಂದವು. ಬಡವರು ಅದರಲ್ಲಿ ಕಡಿಮೆ. ಅದಕ್ಕಿಂತ ಎಷ್ಟೋ ಕಡಿಮೆ ಜನರನ್ನು, ಆದರೆ ಎಲ್ಲ ವರ್ಗದವರನ್ನೂ ಕೇಳಿದ ಜಾರ್ಜ್ ಗ್ಯಾಲಪ್ ವಿಜೇತರನ್ನು ಸರಿಯಾಗಿ ಹೇಳಿದರು.

ಕ್ರಮವಾಗಿ ಆರಿಸಿದ 1,000 ಜನರನ್ನು ಕೇಳಿದರೂ ಫಲಿತಾಂಶದಲ್ಲಿ ಸುಮಾರು ಶೇ. 3 ಮೇಲೆ ಕೆಳಗೆ ಆಗುವುದು ಸಹಜ. ಒಂದು ಪಕ್ಷಕ್ಕೆ ಶೇ. 40, ಇನ್ನೊಂದಕ್ಕೆ ಶೇ. 38 ಎಂದು ಸಮೀಕ್ಷೆ ಹೇಳಿದರೆ ಯಾರು ಮುಂದಿದ್ದಾರೆಂದು ಖಚಿತವಾಗಿ ಹೇಳಲಾಗದು.

ಮತದ ಪ್ರಮಾಣ ಸರಿಯಾಗಿ ಸಿಕ್ಕಿದರೂ ಸ್ಥಾನಗಳ ಲೆಕ್ಕ ಬೇರೆ. ನಮ್ಮ ರಾಜ್ಯದ 2018ರ ವಿಧಾನಸಭಾ ಚುನಾವಣೆಯಲ್ಲಿ ಕಾಂಗ್ರೆಸ್ಸಿಗೆ ಸುಮಾರು ಶೇ. 38, ಬಿ.ಜೆ.ಪಿ.ಗೆ ಸುಮಾರು ಶೇ. 36 ಮತ ಬಂದವು. ಆದರೂ ಹೆಚ್ಚು ಸ್ಥಾನ ಪಡೆದದ್ದು 104 ಗೆದ್ದ ಬಿ.ಜೆ.ಪಿ. 2023ರಲ್ಲಿಯೂ ಬಿ.ಜೆ.ಪಿ.ಯ ಮತ ಶೇ. 36ರಲ್ಲಿಯೇ ನಿಂತಿತು, ಸ್ಥಾನಗಳು ಮಾತ್ರ 66ಕ್ಕೆ ಇಳಿದವು. ಕಾಂಗ್ರೆಸ್ ಶೇ. 43ರ ಸಮೀಪಕ್ಕೆ ಏರಿ 135 ಸ್ಥಾನ ಪಡೆಯಿತು. ಆ ಬಾರಿ ಮತದಾನದ ದಿನ ಸಂಜೆ ಹಲವು ಸಮೀಕ್ಷೆಗಳು ಯಾರಿಗೂ ಬಹುಮತವಿಲ್ಲ ಎಂದಿದ್ದವು. ಸ್ಪಷ್ಟ ಬಹುಮತ ಹೇಳಿದವು ಕೆಲವೇ.

ಇನ್ನು ನಮ್ಮ ಕ್ಷೇತ್ರದ ವಿಷಯ. ರಾಜ್ಯದಲ್ಲಿ 224 ಕ್ಷೇತ್ರಗಳು. 10,000 ಜನರನ್ನು ಕೇಳಿದ ದೊಡ್ಡ ಸಮೀಕ್ಷೆಯೂ ಕ್ಷೇತ್ರಕ್ಕೆ 45 ಜನರನ್ನು ಮುಟ್ಟುವುದಿಲ್ಲ. ಅಡಿಕೆ ಕಾಫಿಯ ನಾಡಾದ ಶೃಂಗೇರಿ ಕ್ಷೇತ್ರದಲ್ಲಿ 2023ರಲ್ಲಿ ಘೋಷಣೆಯಾದ ಅಂತರ 201 ಮತ. ಬೆಂಗಳೂರಿನ ಜಯನಗರದಲ್ಲಿ 16. ಸಂಘವೊಂದರ ಮಹಾಸಭೆಗೆ ಬರುವಷ್ಟು ಜನ ಆ ದಿನ ಮನೆಯಲ್ಲಿ ಕುಳಿತಿದ್ದರೆ ಫಲಿತಾಂಶವೇ ಬೇರೆಯಾಗಬಹುದಿತ್ತು. ಇದನ್ನು ಮುಂಚಿತವಾಗಿ ಹೇಳಬಲ್ಲ ಸಮೀಕ್ಷೆ ಯಾವುದೂ ಇಲ್ಲ. ಗ್ರಾಮ ಪಂಚಾಯಿತಿ ಚುನಾವಣೆಯಂತೂ ಪಕ್ಷದ ಚಿಹ್ನೆ ಇಲ್ಲದೆ, ಮುಖ ನೋಡಿ ನಡೆಯುವಂಥದು. ರಾಜ್ಯದ ಗಾಳಿಯ ಲೆಕ್ಕ ಅಲ್ಲಿ ನಡೆಯದು.

ಹಾಗೆಂದು ಸಮೀಕ್ಷೆ ವ್ಯರ್ಥವೆಂದು ನಾವು ಹೇಳುವುದಿಲ್ಲ. ಜನರಿಗೆ ಏನು ಕಷ್ಟ ಎಂಬುದನ್ನು ಪಕ್ಷಗಳು ತಿಳಿಯುವ ದಾರಿಗಳಲ್ಲಿ ಇದೂ ಒಂದು. ಮಲೆನಾಡಿನಲ್ಲಿ ಗುಡ್ಡಕ್ಕೊಂದು ಮನೆ; ಪೇಟೆಯ ಬಸ್ ನಿಲ್ದಾಣದಲ್ಲಿ ನಾಲ್ಕು ಜನರನ್ನು ಕೇಳಿ ಹೋಗುವುದು ಸುಲಭ. ಫೋನಿನಲ್ಲಿ ಕೇಳುವವರಿಗೆ ಸಿಗ್ನಲ್ ಇಲ್ಲದ ಮನೆ ಸಿಗುವುದೇ ಇಲ್ಲ. ಆದ್ದರಿಂದ ಕೇಳುವವರು ನಮ್ಮ ಮನೆಯ ಮೆಟ್ಟಿಲು ಹತ್ತಿ ಬಂದರೆ ಕೊಳೆರೋಗ, ಆನೆ ಹಾವಳಿ, ಕಾರ್ಮಿಕರ ಅಭಾವ, ಹೊರಗಿನಿಂದ ಬರುವ ಅಡಿಕೆ, ಇವನ್ನು ಬಿಚ್ಚಿ ಹೇಳುವುದು ಲೇಸು. ಉತ್ತರ ಹೇಳಲೇಬೇಕೆಂಬ ಕಟ್ಟುಪಾಡು ಯಾರಿಗೂ ಇಲ್ಲ.

ಇನ್ನೊಂದು ಮಾತನ್ನು ಸಂಕೋಚವಿಲ್ಲದೆ ಹೇಳಬೇಕಾಗಿದೆ. ಲೈನ್ ಮನೆಗಳಲ್ಲಿ ಆಳುಗಳನ್ನು ಪ್ರಶ್ನಿಸುವಾಗ ತೋಟದ ಧಣಿ ಪಕ್ಕದಲ್ಲಿ ನಿಂತರೆ ಬರುವ ಉತ್ತರ ಧಣಿಯದೇ. ಮನೆಯ ಹೆಂಗಸರ ಪರವಾಗಿ ಗಂಡಸರು ಉತ್ತರಿಸಿದರೂ ಅಷ್ಟೆ. ಅಂಥ ವೇಳೆ ನಾವು ದೂರ ಸರಿಯುವುದೇ ಮರ್ಯಾದೆ.

ಎಚ್ಚರಿಕೆಯೂ ಅಗತ್ಯ. ಆಧಾರ್ ಸಂಖ್ಯೆ, ಬ್ಯಾಂಕ್ ಪಾಸ್‌ಬುಕ್, ಫೋನಿಗೆ ಬಂದ ಓ.ಟಿ.ಪಿ. ಕೇಳಿದರೆ ಅದು ಸಮೀಕ್ಷೆಯಲ್ಲ, ಕೊಡಬೇಡಿ. ಸಮೀಕ್ಷೆಯ ನೆಪದಲ್ಲಿ ಮುಂದಿನ ಯೋಜನೆಗಳಿಗೆಂದು ಮತದಾರರ ಹೆಸರು ನೋಂದಾಯಿಸಿಕೊಳ್ಳುವುದನ್ನು ನಿಲ್ಲಿಸುವಂತೆ 2024ರ ಮೇ ತಿಂಗಳಲ್ಲಿ ಚುನಾವಣಾ ಆಯೋಗವೇ ಪಕ್ಷಗಳಿಗೆ ಸೂಚಿಸಿತ್ತು. ಓಟು ಹಾಕಿ ಬಂದವರನ್ನು ಕೇಳಿ ಮಾಡುವ ಸಮೀಕ್ಷೆಯನ್ನು ಮತದಾನ ಪೂರ್ಣ ಮುಗಿಯುವ ಮೊದಲು ಪ್ರಕಟಿಸುವುದು ಪ್ರಜಾಪ್ರಾತಿನಿಧ್ಯ ಕಾಯಿದೆಯ 126ಎ ವಿಧಿಯಂತೆ ಅಪರಾಧ. 2 ವರ್ಷದವರೆಗೆ ಸೆರೆವಾಸ ವಿಧಿಸಬಹುದು.

ಮುಂದೆ ಸಮೀಕ್ಷೆಯೊಂದು ಕಣ್ಣಿಗೆ ಬಿದ್ದಾಗ ಇಷ್ಟನ್ನು ನೋಡಿ: ಮಾಡಿಸಿದವರು ಯಾರು, ಹಣ ಯಾರದು? ಎಷ್ಟು ಜನರನ್ನು, ಎಲ್ಲೆಲ್ಲಿ, ಯಾವ ದಿನಗಳಲ್ಲಿ ಕೇಳಿದರು? ಮನೆಗೆ ಹೋಗಿ ಕೇಳಿದರೋ ಫೋನಿನಲ್ಲೋ? ಕೇಳಿದ ಪ್ರಶ್ನೆ ಯಾವುದು? ಇವನ್ನು ಹೇಳದ ಸಮೀಕ್ಷೆ ತೂಕದ ಚೀಟಿ ಇಲ್ಲದ ಮಾಲಿನಂತೆ.

ಸಮೀಕ್ಷೆ ಎಷ್ಟೇ ಚೆನ್ನಾಗಿ ನಡೆದರೂ ಅದು ಸ್ಯಾಂಪಲ್ ಮಾತ್ರ. ಪೂರ್ತಿ ಮಾಲಿನ ತೂಕವಾಗುವುದು ಮತಗಟ್ಟೆಯಲ್ಲಿ. ಸದಸ್ಯರು ಮತದಾನದ ದಿನ ಕೆಲಸವನ್ನು ಅರ್ಧ ದಿನ ಹಿಂದೆ ಮುಂದೆ ಮಾಡಿಕೊಂಡು, ಆಳುಗಳಿಗೂ ಸಂಬಳ ಸಹಿತ ರಜೆ ಕೊಟ್ಟು, ಎಲ್ಲರೂ ಓಟು ಹಾಕುವಂತೆ ನೋಡಿಕೊಳ್ಳಬೇಕೆಂದು ಕೋರುತ್ತೇವೆ.