ಜಾಲಿಯ ಮರವೂ ಕಾವಲಿನ ಇರುವೆಗಳೂ

ಮೆಕ್ಸಿಕೋ ಮತ್ತು ಮಧ್ಯ ಅಮೆರಿಕದ ಉಷ್ಣಪ್ರದೇಶಗಳಲ್ಲಿ ಜಾಲಿಯ ವರ್ಗಕ್ಕೆ ಸೇರಿದ ಒಂದು ಮರವುಂಟು. ಎತ್ತಿನ ಕೊಂಬಿನಂತಿರುವ ಅದರ ದಪ್ಪ ಮುಳ್ಳುಗಳನ್ನು ಕೊರೆದು ಇರುವೆಗಳು ಒಳಗೆ ವಾಸಿಸುವುವು. ಎಲೆಯ ಕಾವಿನಲ್ಲಿ ಸಿಹಿರಸವನ್ನೂ, ಕಿರುಎಲೆಗಳ ತುದಿಯಲ್ಲಿ ಪುಷ್ಟಿಕರವಾದ ಸಣ್ಣ ಗುಳಿಗೆಗಳನ್ನೂ ಮರವೇ ಅವುಗಳಿಗೆ ಒದಗಿಸುವುದು. ಇರುವೆಗಳಾದರೋ, ಎಲೆ ತಿನ್ನಬರುವ ಹುಳುಗಳನ್ನೂ ದನಗಳನ್ನೂ ಕುಟುಕಿ ಓಡಿಸುವುವು. ಹಬ್ಬಿಬರುವ ಬಳ್ಳಿಗಳನ್ನು ಕಡಿದುಹಾಕುವುವು. ಡೇನಿಯಲ್ ಜಾನ್ಜೆನ್ ಎಂಬ ವಿದ್ವಾಂಸರು ಮೆಕ್ಸಿಕೋದಲ್ಲಿ ಕೆಲವು ಮರಗಳ ಇರುವೆಗಳನ್ನು ತೆಗೆದು ಪರೀಕ್ಷಿಸಿ, 1966ರಲ್ಲಿ ಫಲವನ್ನು ಪ್ರಕಟಿಸಿದರು. ಆ ಮರಗಳು ಹುಳುಗಳಿಗೆ ತುತ್ತಾಗಿ ಸೊರಗಿದುವು. ಇರುವೆಯುಳ್ಳ ಮರಗಳು ಹುಲುಸಾಗಿ ಬೆಳೆದುವು.

ಆದಕಾರಣ ಮರದಲ್ಲಿ ಇರುವೆ ಕಂಡೊಡನೆ ಔಷಧ ಹಾಕುವುದು ವಿವೇಕವಲ್ಲ. ರಸ ಹೀರುವ ತಿಗಣೆಗಳನ್ನು ಸಾಕುವ ಇರುವೆಯಿಂದ ಬೆಳೆಗೆ ಹಾನಿ. ಹುಳುಗಳನ್ನು ಹಿಡಿಯುವ ಇರುವೆಯಿಂದ ಲಾಭ. ಯಾವುದೆಂಬುದನ್ನು ಮೊದಲು ನೋಡತಕ್ಕದ್ದು.